‘ಗ್ಲುಟನ್ ಫ್ರೀ’ ಚೀಟಿ ನಂಬಿ ನಾಲ್ಕು ತಿಂಗಳು ಗೋಧಿ ತಿಂದೆ, ಹಾಸನದವರು ದಯವಿಟ್ಟು ಓದಿ

ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಇರುವವರು, ಮನೆಯಲ್ಲಿ ಸೀಲಿಯಾಕ್ ಇರುವ ಮಕ್ಕಳನ್ನು ಸಾಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ರಾಗಿ ಹಿಟ್ಟು ಕೊಂಡ ಮಿಲ್ಲಿನ ಹೆಸರು ಹಾಕುತ್ತಿಲ್ಲ. ಹಾಕಿದರೆ ಅದೊಂದೇ ಮಿಲ್ಲಿನ ತಪ್ಪು ಅಂದುಕೊಂಡು ಪಕ್ಕದ ಬೀದಿಯ ಮಿಲ್ಲಿಗೆ ಹೋಗುತ್ತೀರಿ. ಅಲ್ಲೂ ಇದೇ ಕಥೆ ಇರಬಹುದು.

ನನಗೆ ಸೀಲಿಯಾಕ್ ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ನಮ್ಮಂಥವರ ಹೊಟ್ಟೆಗೆ ಹೋದರೆ ಸಣ್ಣ ಕರುಳಿನ ಒಳಪದರವೇ ಹಾಳಾಗುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಪಥ್ಯವೇ ಔಷಧಿ. ಚಪಾತಿ, ಉಪ್ಪಿಟ್ಟು, ಹೋಟೆಲ್ ಊಟ ಎಲ್ಲ ಬಿಟ್ಟೆ. ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಡಬ್ಬಿ ಇಂಗನ್ನೂ ಬಿಟ್ಟೆ. ಸದ್ಯ ನಮ್ಮ ಕಡೆ ಮುದ್ದೆ ಇದೆ, ಅಕ್ಕಿ ರೊಟ್ಟಿ ಇದೆ ಅನ್ನೋದೇ ಸಮಾಧಾನ. ಮೊದಮೊದಲು ರಾಗಿಯನ್ನು ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುತ್ತಿದ್ದೆ. ಎಷ್ಟು ಹಿಡಿದರೂ ಮುದ್ದೆ ತರಿತರಿ.

ಹಾಸನಾಂಬೆ ದರ್ಶನ ಮುಗಿದ ವಾರ ಈ ಮಿಲ್ಲಿನ ವಿಷಯ ಗೊತ್ತಾಯಿತು. ಪ್ಯಾಕೆಟ್ ಮೇಲೆ ಹಸಿರು ಚೀಟಿ, ‘ಗ್ಲುಟನ್ ಫ್ರೀ’ ಅಂತ. ಮಾಮೂಲಿ ರಾಗಿ ಹಿಟ್ಟಿಗಿಂತ ಕೆಜಿಗೆ 30 ರೂಪಾಯಿ ಜಾಸ್ತಿ. ನನ್ನ ಕಾಯಿಲೆಯನ್ನು ಬಿಡಿಸಿ ಹೇಳಿದೆ. "ಗೋಧಿಗೆ ಬೇರೆ ಮಿಷನ್ ಇದೆಯಾ ಅಣ್ಣ?" ಅಂತ ಎರಡು ಸಲ ಕೇಳಿದೆ. "ಇದೆ ಅಕ್ಕ, ನಮ್ಮನೆ ಹೆಣ್ಮಗಳಿಗೆ ಕೊಟ್ಟಂಗೆ ಕೊಡ್ತೀನಿ, ಯೋಚ್ನೆ ಮಾಡ್ಬೇಡಿ" ಅಂದರು. ನಂಬಿದೆ. ಒಳಗೆ ಹೋಗಿ ನೋಡಲಿಲ್ಲ. ಅದೇ ನಾನು ಮಾಡಿದ ತಪ್ಪು.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಅಂದರೆ ಭೇದಿ ಇಲ್ಲ, ವಾಂತಿ ಇಲ್ಲ. ಅದಕ್ಕೇ ನಾಲ್ಕು ತಿಂಗಳು ಮೋಸ ಹೋದೆ. ಕೆಳತುಟಿಯ ಒಳಗೆ ಒಂದು ಹುಣ್ಣು ಬಂತು. ಅದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಉಷ್ಣ ಅಂತ ಮಜ್ಜಿಗೆ ಕುಡಿದೆ. ಬೆಳಿಗ್ಗೆ ಸರಿಯಾಗಿ ಕಟ್ಟಿದ್ದ ಲಂಗದ ಲಾಡಿ ಸಂಜೆ ಹೊತ್ತಿಗೆ ಸೊಂಟ ಕೊರೆಯುತ್ತಿತ್ತು. ಗ್ಯಾಸ್ ಅಂದುಕೊಂಡೆ. ಮಂಡಿ ನೋವು ಬಂತು, ಚಳಿಗಾಲ ಅಂದುಕೊಂಡೆ. ಎಂಟು ಗಂಟೆ ಮಲಗಿ ಎದ್ದರೂ ಮೈ ಎತ್ತಲು ಆಗುತ್ತಿರಲಿಲ್ಲ. ಸುಮ್ನೆ ಸುಮ್ನೆ ಮಗಳ ಮೇಲೆ ರೇಗುತ್ತಿದ್ದೆ.

ತಲೆಯದ್ದು ಇನ್ನೊಂದು ಕಥೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಹದಿನೈದು ವರ್ಷದ ಕೈ. ಅಳತೆ ಬರೆದುಕೊಂಡು ಚೀಟಿ ಎಲ್ಲಿಟ್ಟೆ ಅಂತ ಮರೆಯುತ್ತಿದ್ದೆ. ಟೇಪ್ ಹಿಡಿದು ನಿಂತು, ಈಗ ಯಾವುದು ಅಳೆಯಬೇಕಿತ್ತು ಅಂತ ಯೋಚಿಸುತ್ತಿದ್ದೆ. ಜನವರಿಯಲ್ಲಿ ಒಬ್ಬರ ಮದುವೆ ಬ್ಲೌಸು, ರೇಷ್ಮೆ ಬಟ್ಟೆ. ಕತ್ತರಿಸಿ ಮೇಜಿನ ಮೇಲೆ ಹರಡಿ ನೋಡಿದರೆ ಎರಡೂ ಬಲಗಡೆ ತೋಳು! ಬಟ್ಟೆ ಮಿಕ್ಕಿರಲಿಲ್ಲ. ಅವರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿ ದುಡ್ಡು ಕಟ್ಟಿಕೊಟ್ಟೆ. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಆಗಲೂ ಹಿಟ್ಟಿನ ಮೇಲೆ ಅನುಮಾನ ಬರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.6 ಇದ್ದದ್ದು 9.8ಕ್ಕೆ ಇಳಿದಿತ್ತು. ಕಬ್ಬಿಣದ ಮಾತ್ರೆ ತಪ್ಪಿಸಿರಲಿಲ್ಲ. ಕರುಳು ಹಾಳಾದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಸೀಲಿಯಾಕ್ ಇರುವವರ ಹೊಟ್ಟೆಗೆ ಗ್ಲುಟನ್ ಹೋದರೆ ರಕ್ತದಲ್ಲಿ ಏರುವ ಟಿಟಿಜಿ ಒಂದು ವರ್ಷದಿಂದ ಇಳಿಯುತ್ತಿದ್ದದ್ದು ಮತ್ತೆ ಏರಿತ್ತು. "ಎಲ್ಲೋ ಗ್ಲುಟನ್ ಹೋಗ್ತಿದೆ ನೋಡಮ್ಮ" ಅಂದರು ಡಾಕ್ಟರು. ಸಾಧ್ಯವೇ ಇಲ್ಲ ಸಾರ್ ಅಂತ ವಾದ ಮಾಡಿ ಬಂದೆ.

ಗುಟ್ಟು ಬಯಲಾದದ್ದು ತವರಿಗೆ ಹೋದಾಗ. ಅರಕಲಗೂಡಿನಲ್ಲಿ ಒಂಬತ್ತು ದಿನ ಇದ್ದೆ. ಅಲ್ಲಿನ ಮಿಲ್ಲಿನ ಮೇಲೆ ನನಗೆ ನಂಬಿಕೆ ಇಲ್ಲ ಅಂತ ಬರೀ ಅನ್ನ ತಿಂದೆ. ಹುಣ್ಣು ಮಾಯಿತು, ಹೊಟ್ಟೆ ಉಬ್ಬರ ಇಳಿಯಿತು. ವಾಪಸ್ ಬಂದು ಮುದ್ದೆ ತಿಂದ ಎರಡನೇ ದಿನ ತುಟಿ ಒಳಗೆ ಮತ್ತೆ ಉರಿ. ಅನ್ನ ಅದೇ, ಸಾರು ಅದೇ. ಬದಲಾಗಿದ್ದು ಹಿಟ್ಟು ಒಂದೇ.

ಶನಿವಾರ ಮಧ್ಯಾಹ್ನ ಹೇಳದೆ ಕೇಳದೆ ಮಿಲ್ಲಿಗೆ ಹೋದೆ. ಯಾರದ್ದೋ ಗೋಧಿ ಬೀಸುತ್ತಿತ್ತು. ಮಿಷನ್ ಬಾಯಿಗೆ ಕಟ್ಟಿರುತ್ತಾರಲ್ಲ ಉದ್ದನೆಯ ಬಟ್ಟೆ, ಬ್ಲೌಸಿನ ತೋಳಿನ ಹಾಗೆ, ಅದನ್ನು ಹುಡುಗ ಎರಡು ಸಲ ಒದರಿದ. ಬೆಳ್ಳಗೆ ಹಿಟ್ಟು ಉದುರಿತು. ಅದೇ ಮಿಷನ್ನಿಗೆ ರಾಗಿ ಸುರಿದ. ಪಕ್ಕದಲ್ಲೇ ಆ ಹಸಿರು ಚೀಟಿಯ ಕಟ್ಟು. ನನ್ನ ಕಾಲು ನಡುಗಿತು. "ಇನ್ನೊಂದು ಮಿಷನ್ ಎಲ್ಲಿ?" ಅಂದೆ. "ಅದು ಖಾರದ ಪುಡಿಗೆ ಅಕ್ಕ" ಅಂದ ಹುಡುಗ.

ಖಾರದ ಪುಡಿಗೆ! ಖಾರ ಬೆರೆತರೆ ಗಿರಾಕಿ ಮಾರನೇ ದಿನವೇ ಬಂದು ಜಗಳ ಆಡುತ್ತಾರೆ. ಗೋಧಿ ಬೆರೆತರೆ ನಾಲಿಗೆಗೆ ಗೊತ್ತಾಗಲ್ಲ, ಅದಕ್ಕೆ ಬೇರೆ ಮಿಷನ್ ಬೇಡ.

ಮಾಲೀಕರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಮೊದಲು ಬರೋ ಒಂದು ಹಿಡಿ ಹಿಟ್ಟು ತೆಗೆದು ಪಕ್ಕಕ್ಕೆ ಹಾಕ್ತೀವಲ್ಲ ಅಕ್ಕ." ಆಮೇಲೆ, "ಗ್ಲುಟನ್ ಫ್ರೀ ಅಂದ್ರೆ ಗೋಧಿ ಹಾಕಿಲ್ಲ ಅಂತ. ನಾವೇನ್ ಗೋಧಿ ಹಾಕಿದ್ವಾ?" ನಾನು ರಿಪೋರ್ಟ್ ತೋರಿಸಿದೆ. "ಆಸ್ಪತ್ರೆಗೆ ಸೇರಿದ್ರಾ? ಇಲ್ವಲ್ಲ" ಅಂದರು. ರಾತ್ರಿ ವಾಟ್ಸಾಪಲ್ಲಿ ಇನ್ನೊಂದು: "ನಿಮ್ಮ ಜಾಸ್ತಿ ದುಡ್ಡು ವಾಪಸ್ ಹಾಕ್ತೀನಿ, ಗಲಾಟೆ ಮಾಡ್ಬೇಡಿ." ದುಡ್ಡು ಯಾರಿಗೆ ಬೇಕು? ಎರಡು ಸಲ ಕೇಳಿದ್ದೆ. ಎರಡು ಸಲ.

ಒಂದು ಹಿಡಿ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ಗ್ಲುಟನ್ ಫ್ರೀ ಅಂತ ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ದಾಟಬಾರದು, ನಮ್ಮ ದೇಶದ ಆಹಾರ ನಿಯಮವೇ ಅದು. 5 ಕೆಜಿ ರಾಗಿಗೆ ಬರೀ 50 ಗ್ರಾಂ ಗೋಧಿ ಹಿಟ್ಟು ಬೆರೆತಿದೆ ಅನ್ನಿ. ಗೋಧಿ ಹಿಟ್ಟಿನಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಗ್ಲುಟನ್. ಅಂದರೆ ಕೆಜಿಗೆ ಸುಮಾರು 1000 ಮಿಲಿಗ್ರಾಂ, ಮಿತಿಗಿಂತ 50 ಪಟ್ಟು. ಅದನ್ನು ದಿನಾ ಎರಡು ಮುದ್ದೆ ತಿಂದೆ.

ಚೀಟಿ ನಂಬಬೇಡಿ. ಒಳಗೆ ಹೋಗಿ ಮಿಷನ್ ಎಣಿಸಿ. ಸಂಕೋಚ ಬೇಡ, ನಾನು ಸಂಕೋಚಪಟ್ಟೇ ಕೆಟ್ಟೆ. ಭೇದಿ ಆಗುವವರೆಗೂ ಕಾಯಬೇಡಿ. ಬಾಯಿ ಹುಣ್ಣು, ಸುಸ್ತು, ಮರೆವು, ಸಂಜೆ ಹೊಟ್ಟೆ ಬಿಗಿತ ಒಟ್ಟಿಗೆ ಬಂದರೆ ತಿಂದದ್ದನ್ನೆಲ್ಲ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಅವರು ಎಲ್ಲೋ ಗ್ಲುಟನ್ ಹೋಗ್ತಿದೆ ಅಂದರೆ ನನ್ನ ಹಾಗೆ ವಾದ ಮಾಡಬೇಡಿ. ನಾನು ಸಾಲ ಮಾಡಿಯಾದರೂ ಮನೆಗೇ ಸಣ್ಣ ಹಿಟ್ಟಿನ ಮಿಷನ್ ತರುತ್ತಿದ್ದೇನೆ.

ಇನ್ನೊಂದು ಹೇಳಲೇಬೇಕು. ಡಿಸೆಂಬರಿನಲ್ಲಿ ಸಕಲೇಶಪುರದ ಒಬ್ಬರಿಗೆ ಇದೇ ಹಿಟ್ಟು ಚೆನ್ನಾಗಿದೆ ಅಂತ ನಾನೇ ಹೇಳಿದ್ದೆ. ಅವರ ಏಳು ವರ್ಷದ ಮಗನಿಗೆ ಸೀಲಿಯಾಕ್. ಶನಿವಾರ ರಾತ್ರಿಯೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಅದಕ್ಕೇನಾ ಅಕ್ಕ, ಮಗು ಶಾಲೆಯಿಂದ ಬಂದ ತಕ್ಷಣ ಮಲಗಿಬಿಡ್ತಿದ್ದ?" ಅಂತ ಕೇಳಿದರು. ಸೋಮವಾರ ಅವನ ರಕ್ತ ಪರೀಕ್ಷೆಗೆ ಹಾಸನಕ್ಕೆ ಬರುತ್ತಿದ್ದಾರೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.