ಸಾಣಾಪುರ ಕೆರೆ ದಂಡೆ: ಟ್ರೆಕ್ ಅಲ್ಲ, ಆದರೂ ಹೋಗಿ

ಗಂಗಾವತಿ ಹತ್ತಿರದ ಸಾಣಾಪುರ ಕೆರೆ ಪಕ್ಕ ನಾವು ಉಳಿದುಕೊಂಡ ಟೆಂಟಿನವರು ಫೋನಿನಲ್ಲಿ 'ಲೇಕ್ ಟ್ರೆಕ್ ಇದೆ ಸಾರ್' ಅಂದಿದ್ದಕ್ಕೆ ನಾನು ಬಳ್ಳಾರಿಯಲ್ಲಿ ಹೊಸ ಶೂ ಬೇರೆ ತಗೊಂಡಿದ್ದೆ. ಅಮ್ಮ ಹವಾಯಿ ಚಪ್ಪಲಿಯಲ್ಲೇ ಬಂದಳು. ಅರ್ಧ ದಾರಿಯಲ್ಲಿ ನನ್ನ ಕಾಲು ನೋಡಿ, "ಇದಕ್ಕ್ಯಾಕೋ ಬೂಟು? ನಾ ದಿನಾ ಹಾಲಿಗೆ ಹೋಗೋ ದಾರಿನೇ ಇದಕ್ಕಿಂತ ಕೆಟ್ಟೈತೆ" ಅಂದಳು.

ನಿಜ. ಮೊಣಕಾಲು ನೋವಿನವರೂ ಆರಾಮಾಗಿ ನಡೆಯಬಹುದು. ನಾವು ಪೂರ್ತಿ ಕೆರೆ ಸುತ್ತಲಿಲ್ಲ. ನೀರಿನ ಪಕ್ಕದ ರಸ್ತೆ ಹಿಡಿದು ಹೋಗಿ, ಒಂದು ಸಣ್ಣ ಬಂಡೆ ಹತ್ತಿ ಕೂತು, ಗದ್ದೆ ಬದುವಿನ ಮೇಲೆ ಟೆಂಟಿಗೆ ವಾಪಸ್. ಒಂದು ಗಂಟೆ ಸಾಕು. ಆದರೆ ಬೆಳಿಗ್ಗೆ ಆರಕ್ಕೇ ಹೊರಡಿ, ಯಾಕಂದ್ರೆ ಒಂಬತ್ತಾದರೆ ಬಂಡೆಗಳು ಹಂಚಿನ ಹಾಗೆ ಕಾಯುತ್ತವೆ, ಅಷ್ಟೊತ್ತಿಗೆ ಹಂಪಿ ಕಡೆಯಿಂದ ಬೈಕುಗಳ ಸಾಲೂ ಶುರುವಾಗಿರುತ್ತದೆ.

ನಾವು ಹೋದಾಗ ದಂಡೆ ಮೇಲೆ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಒಬ್ಬ ಅಜ್ಜ ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಡಾಂಬರು ಬಳಿದು, ಅಲ್ಲಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅಂಟಿದರೆ ಇನ್ನೂ ಒಣಗಿಲ್ಲ ಅಂತ. ಮೊದಲು ಚರ್ಮ ಹೊದಿಸುತ್ತಿದ್ದರಂತೆ. ಅಮ್ಮ ಅಲ್ಲೇ ಅರ್ಧ ಗಂಟೆ ನಿಂತಳು, ಕೆರೆ ಕಡೆ ತಿರುಗಿಯೂ ನೋಡಲಿಲ್ಲ.

ನೀರಿಗೆ ಮಾತ್ರ ಇಳಿಯಬೇಡಿ. ಬಂಡೆ ಮೇಲಿಂದ ಜಿಗಿಯುವ ವಿಡಿಯೋ ನೋಡಿಕೊಂಡು ಬರುವ ಹುಡುಗರು ಜಾಸ್ತಿ. ನೀರೊಳಗೂ ಅಂಥದೇ ಬಂಡೆಗಳಿವೆ, ಕಾಣೋದಿಲ್ಲ ಅಷ್ಟೇ. ಇದು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ತುಂಬುವ ಕೆರೆ. ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಹೋದರೆ ಕೆರೆಯೂ ಇಳಿದಿರುತ್ತದೆ, ಗದ್ದೆಗಳೂ ಒಣಗಿರುತ್ತವೆ. ಭತ್ತ ಹಸಿರಾಗಿರುವ ಸೆಪ್ಟೆಂಬರ್, ಅಕ್ಟೋಬರ್ ನೋಡಿಕೊಂಡು ಹೋಗಿ.

ಟೆಂಟಿನ ಬಗ್ಗೆ ಹೇಳಲೇಬೇಕು. ಹೆಸರು ಬೇಡ. 'ಕೆರೆ ಕಾಣುತ್ತೆ' ಅಂದಿದ್ದರು, ಕಂಡಿದ್ದು ನೀರಿನ ಟ್ಯಾಂಕು. ರಾತ್ರಿ ಒಂದರ ತನಕ ಪಕ್ಕದಲ್ಲಿ ಸ್ಪೀಕರು. ಕೇಳಿದರೆ "ವೀಕೆಂಡ್ ಅಲ್ವಾ ಸಾರ್" ಅಂದರು. ಮುಂದಿನ ಸಲ ಆನೆಗೊಂದಿಯಲ್ಲೋ ಗಂಗಾವತಿಯಲ್ಲೋ ರೂಮು ಮಾಡಿ, ನಸುಕಿಗೆ ಕೆರೆಗೆ ಬರುತ್ತೇನೆ. ತಿಂಡಿಗೂ ಅದೇ ಒಳ್ಳೆಯದು. ಟೆಂಟಿನ ಬ್ರೆಡ್ ಆಮ್ಲೆಟ್ ಬಿಟ್ಟು ಗಂಗಾವತಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ತಿಂದ ಮೇಲೇ ಅಮ್ಮನ ಮುಖ ಅರಳಿದ್ದು.

ಅದೇ ದಿನ ಹತ್ತಿರದ ಹನುಮನ ಬೆಟ್ಟ ಅಂಜನಾದ್ರಿಯನ್ನೂ ಮುಗಿಸೋಣ ಅಂದ್ಕೊಂಡಿದ್ದೆವು. 575 ಮೆಟ್ಟಿಲು ಅಂದ ಕೂಡಲೇ ಅಮ್ಮ ಕೆಳಗಿಂದಲೇ ಕೈ ಮುಗಿದಳು.

ಬಳ್ಳಾರಿಯಿಂದ ಬರುವವರಿಗೆ ಕಂಪ್ಲಿ ದಾರಿ ಸಲೀಸು. ಆದರೆ ಮಳೆಗಾಲದಲ್ಲಿ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಗಂಗಾವತಿ ಕಡೆ ದಾರಿ ಬಂದ್. ಹೊರಡುವ ಮುಂಚೆ ಕಂಪ್ಲಿಯಲ್ಲಿ ಯಾರಿಗಾದರೂ ಒಂದು ಫೋನ್ ಹಾಕಿ.