ನಾಯಿ ಟ್ರೇನರ್ ಊಟದ ಚಾರ್ಟ್ ಕೊಟ್ಟರೆ ಮೊದಲು ವೆಟ್‌ಗೆ ತೋರಿಸಿ

ನಾಯಿಗೆ ಕೂರಲು, ನಡೆಯಲು ಕಲಿಸುವವರೇ ಊಟದ ಚಾರ್ಟನ್ನೂ ಬರೆದು ಕೊಟ್ಟರೆ, ಆ ಹಾಳೆಯನ್ನು ಪಶುವೈದ್ಯರಿಗೆ, ಅಂದರೆ ವೆಟ್‌ಗೆ ತೋರಿಸದೆ ಒಂದು ತುತ್ತೂ ಹಾಕಬೇಡಿ. ಮರಿ ಆಗಿದ್ದರಂತೂ ಬೇಡವೇ ಬೇಡ. ನಮ್ಮ ಮನೆಯಲ್ಲಿ ಆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ. ಟ್ರೇನರ್ ಹೆಸರು ಹಾಕುತ್ತಿಲ್ಲ. ಇದೇ ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಹೆಸರಿಗಿಂತ ಆ ಮಾತನ್ನು ಗುರುತು ಹಿಡಿಯುವುದು ಮುಖ್ಯ.

ನಮ್ಮದು ಲ್ಯಾಬ್ರಡಾರ್ ಮರಿ, ಹೆಸರು ಕೆಂಚ. ಟ್ರೇನರ್ ಬರಲು ಶುರು ಮಾಡಿದಾಗ ನಾಲ್ಕು ತಿಂಗಳು ಆಸುಪಾಸು. ಹಾಲು ಹಲ್ಲು ಬೀಳುವ ವಯಸ್ಸು, ಹಾಗಾಗಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದ. ಹೊರಗೆ ಕರೆದುಕೊಂಡು ಹೋದರೆ ಹಗ್ಗ ಎಳೆಯುತ್ತಿದ್ದ, ಬಂದವರ ಮೇಲೆಲ್ಲ ಹಾರುತ್ತಿದ್ದ. ಇಷ್ಟೇ ದೂರು. ನನಗೆ ಇದು ಮರಿತನ ಅನ್ನಿಸಿತ್ತು. ಅಕ್ಕನಿಗೆ ಮಾತ್ರ ಶಿಸ್ತು ಈಗಲೇ ಬರಬೇಕು ಅಂತ. "ಮುದ್ದು ಮಾಡಿ ಮಾಡಿ ಕೆಡಿಸ್ತಿದ್ದೀಯ" ಅನ್ನುವುದು ಅವಳ ಖಾಯಂ ಮಾತು.

ಟ್ರೇನರ್ ಮಾತಿನಲ್ಲಿ ಗಟ್ಟಿಗರು. ಅವರ ಎಲ್ಲ ಉತ್ತರಕ್ಕೂ ಒಂದೇ ಬೇರು: ನಾಯಿ ಅಂದರೆ ತೋಳ. ಕಲಿಸುವುದು ಹೇಗೆ ಅಂದರೆ, "ತೋಳದ ಗುಂಪಲ್ಲಿ ಒಬ್ಬನೇ ಲೀಡರ್, ನೀವು ಲೀಡರ್ ಆಗದಿದ್ರೆ ಅವನು ಆಗ್ತಾನೆ." ತಿನ್ನಿಸುವುದು ಏನು ಅಂದರೆ, "ತೋಳ ಏನು ಬೇಸಾಯ ಮಾಡ್ತಿತ್ತಾ ಮೇಡಂ? ಧಾನ್ಯ ಯಾಕೆ ಕೊಡ್ತೀರಾ?" ಕೇಳಿದವರಿಗೆ ನಗು ಬರುತ್ತೆ, ತಲೆಯೂ ಆಡುತ್ತೆ. ಪ್ಯಾಕೆಟ್ ಫುಡ್ ಎಲ್ಲ ಕಂಪನಿಗಳ ದಂಧೆ ಅಂದರು. ಚಾರ್ಟ್ ಬಂತು: ಮೂಳೆ ಬಿಡಿಸಿದ ಮಾಂಸ, ಸ್ವಲ್ಪ ಲಿವರ್, ಒಂದು ಮೊಟ್ಟೆ. ಬೇರೇನೂ ಇಲ್ಲ. ಮೂಳೆ ಯಾಕೆ ಬೇಡ ಅಂದಿದ್ದಕ್ಕೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂದರು.

ಇಲ್ಲೇ ಇರುವುದು ಎಡವಟ್ಟು. ಬೇಯಿಸಿದ ಮೂಳೆ ಚೂರು ಚೂರಾಗಿ ಸಿಡಿದು ಗಂಟಲಿಗೋ ಕರುಳಿಗೋ ಚುಚ್ಚಬಹುದು, ಅದು ನಿಜ. ಆದರೆ ತೋಳ ತಿನ್ನುವುದು ಬರೀ ಮಾಂಸವನ್ನಲ್ಲ. ಮೂಳೆ, ಚರ್ಮ, ಒಳಗಿನ ಅಂಗಾಂಗ ಎಲ್ಲ ತಿನ್ನುತ್ತೆ. ಅದರ ಕ್ಯಾಲ್ಸಿಯಂ ಬರುವುದೇ ಮೂಳೆಯಿಂದ. ಮೂಳೆಯನ್ನೂ ತೆಗೆದು, ಅದರ ಬದಲಿಗೆ ಏನನ್ನೂ ಕೊಡದೆ, ಇದು ತೋಳದ ಊಟ ಅಂದರೆ ಅದು ತೋಳಕ್ಕೂ ಸಾಕಾಗದ ಊಟ. ಬರೀ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ಫಾಸ್ಫರಸ್ ಹತ್ತು ಪಟ್ಟಿಗೂ ಜಾಸ್ತಿ ಇರುತ್ತೆ. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಕಡೇಪಕ್ಷ ಫಾಸ್ಫರಸ್‌ನಷ್ಟಾದರೂ ಇರಬೇಕು.

ಮೊದಮೊದಲು ಎಲ್ಲ ಚೆನ್ನಾಗೇ ಕಾಣಿಸಿತು. ಕೆಂಚ ತಟ್ಟೆ ನೆಕ್ಕಿ ಹೊಳಪು ಬರಿಸುತ್ತಿದ್ದ, ಕೂದಲು ಮಿಂಚುತ್ತಿತ್ತು, ಕಕ್ಕವೂ ಕಮ್ಮಿ. ನಾಯಿ ಖುಷಿಯಾಗಿ ತಿನ್ನುತ್ತೆ ಅನ್ನುವುದು ಊಟ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ನಾಯಿ ಚಪ್ಪಲಿಯನ್ನೂ ಖುಷಿಯಾಗಿ ತಿನ್ನುತ್ತೆ.

ಕೆಲವು ವಾರ ಕಳೆದ ಮೇಲೆ ಅವನು ಕೂರುವ ರೀತಿ ಬದಲಾಯಿತು. ಮೊದಲು ಕೂರು ಅಂದರೆ ಧೊಪ್ಪನೆ ಕೂರುತ್ತಿದ್ದ. ಈಗ ಹಿಂಭಾಗವನ್ನು ಅರ್ಧ ಇಳಿಸಿ, ಅಲ್ಲೇ ತಡೆದು, ಒಂದು ಪಕ್ಕಕ್ಕೆ ವಾಲಿ, ಕಾಲನ್ನು ಹೊರಗೆ ಚಾಚಿ ಕೂರುತ್ತಿದ್ದ. ಏಳುವಾಗಲೂ ಮುಂಗಾಲಿನ ಮೇಲೇ ಭಾರ. ಮೆಟ್ಟಿಲ ಹತ್ತಿರ ನಿಂತು ನಮ್ಮ ಮುಖ ನೋಡುತ್ತಿದ್ದ. ಟ್ರೇನರ್‌ಗೆ ಇದನ್ನೆಲ್ಲ ತೋರಿಸಿದೆ. "ನಾಟಕ ಮೇಡಂ, ನಿಮ್ಮನ್ನ ಟೆಸ್ಟ್ ಮಾಡ್ತಿದ್ದಾನೆ" ಅಂದರು. ಸೊಂಟ ಒತ್ತಿ ಕೂರಿಸಲು ಹೋದರು. ಕೆಂಚ ಅವತ್ತು ಮೊದಲ ಸಲ ಗುರ್ ಅಂದ.

ಅವರು ಇದಕ್ಕೇ ಕಾಯುತ್ತಿದ್ದವರ ಹಾಗೆ, "ನೋಡಿದ್ರಾ, ಡಾಮಿನೆನ್ಸ್ ಶುರುವಾಯ್ತು" ಅಂದು ಅವನನ್ನು ಉರುಳಿಸಿ, ಬೆನ್ನಡಿ ಮಾಡಿ, ಕುತ್ತಿಗೆ ಒತ್ತಿ ಹಿಡಿದರು. ಇದಕ್ಕೆ ಆಲ್ಫಾ ರೋಲ್ ಅಂತ ಹೆಸರು. ಕೆಂಚ ಕಿರುಚಿದ. ಸಾಕು ಬಿಡಿ ಅಂದರೂ, ಸುಮ್ಮನಾಗುವ ತನಕ ಬಿಡಬಾರದು ಅಂದರು. ಕೊನೆಗೆ ಸುಮ್ಮನಾದ. ಬಿಟ್ಟ ಮೇಲೆ ಮೂತಿ ಪಕ್ಕಕ್ಕೆ ತಿರುಗಿಸಿ, ಬಾಲ ಮುದುರಿ, ತುಟಿ ನೆಕ್ಕಿಕೊಂಡು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುತ್ತಿದ್ದ. ಅವರಿಗೆ ಅದು ವಿಧೇಯತೆ. ನಾಯಿಯ ಮೈಭಾಷೆ ಓದಿದ ಯಾರನ್ನು ಬೇಕಾದರೂ ಕೇಳಿ, ಅದು ಹೆದರಿಕೆ. ಸಿಟ್ಟು ಬಂದರೆ ಬರಲಿ ಅಂತ ಇನ್ನೊಂದು ಮಾತು ಹೇಳುತ್ತೇನೆ. ಅರ್ಧ ಗಂಟೆಯಲ್ಲಿ ತುಂಟ ನಾಯಿಯನ್ನು ಶಾಂತ ಮಾಡಿ ತೋರಿಸುವ ವಿಡಿಯೋಗಳಲ್ಲೂ ಎಷ್ಟೋ ಸಲ ಕಾಣುವುದು ಇದೇ ಮುಖ. ಸದ್ದು ಬಂದ್ ಮಾಡಿ ನೋಡಿ, ಗೊತ್ತಾಗುತ್ತೆ.

ಆಮೇಲೆ ಕೆಂಚ ಗುರ್ ಅನ್ನುವುದನ್ನೇ ಬಿಟ್ಟ. ಪಾಠ ಹತ್ತಿತು ಅಂತ ಅಕ್ಕನೂ ಟ್ರೇನರೂ ಸಮಾಧಾನಪಟ್ಟರು. ಗುರ್ ಅನ್ನುವುದು ಹಾವು ಬುಸ್ ಅಂದ ಹಾಗೆ, ಹತ್ತಿರ ಬರಬೇಡ ಅನ್ನುವ ಸೂಚನೆ. ಅದಕ್ಕೆ ಹೊಡೆದರೆ ಸೂಚನೆ ಹೋಗುತ್ತೆ, ಕಾರಣ ಹಾಗೇ ಉಳಿಯುತ್ತೆ. ಒಂದು ಸಂಜೆ ಅಕ್ಕ ಅವನ ಹಿಂಗಾಲು ಒರೆಸುತ್ತಿದ್ದಳು. ಗುರ್ ಇಲ್ಲ, ಹಲ್ಲು ತೋರಿಸಿದ್ದೂ ಇಲ್ಲ. ನೇರ ಕೈಗೆ ಬಾಯಿ ಹಾಕಿದ. ಹೆಬ್ಬೆರಳ ಬುಡದಲ್ಲಿ ಎರಡು ಹಲ್ಲು ನಾಟಿದ್ದವು. (ಮನೆ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ. ಮನೆದೇ ಅಲ್ವಾ ಅಂತ ಸುಮ್ಮನಿರಬೇಡಿ.)

ಟ್ರೇನರ್‌ಗೆ ಫೋನ್ ಮಾಡಿದರೆ ಬಂದ ಸಲಹೆ ಮುಳ್ಳಿನ ಕಾಲರ್. ಪ್ರಾಂಗ್ ಕಾಲರ್ ಅಂತಾರಲ್ಲ, ಎಳೆದರೆ ಕುತ್ತಿಗೆಗೆ ಸುತ್ತಲೂ ಚುಚ್ಚುವುದು, ಅದು. ಅದರ ಬದಲು ವೆಟ್ ಹತ್ತಿರ ಕರೆದುಕೊಂಡು ಹೋದೆವು.

ವೆಟ್ ಕಚ್ಚಿದ ಕಥೆ ಕೇಳುವ ಮೊದಲು ಅವನು ನಡೆಯುವುದನ್ನು ನೋಡಿದರು. ಕಾಲಿನ ಮೂಳೆ ಉದ್ದಕ್ಕೂ ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ಹೋದರು. ಹಿಂದೊಡೆಗೆ ಬಂದಾಗ ಕೆಂಚ ಉಸಿರು ಬಿಗಿಹಿಡಿದ. ಊಟ ಏನು ಅಂತ ಕೇಳಿದರು, ಚಾರ್ಟ್ ಕೊಟ್ಟೆ. ಎಕ್ಸ್‌ರೇ ತೆಗೆಸಿದರು. ಮೂಳೆ ಅಂದರೆ ಬೆಳ್ಳಗೆ ಎದ್ದು ಕಾಣಬೇಕು. ಅವನ ಮೂಳೆಗಳು ಪಕ್ಕದ ಮಾಂಸಕ್ಕಿಂತ ಸ್ವಲ್ಪವೇ ತಿಳಿಯಾಗಿದ್ದವು, ಹೊರಗಿನ ಗೋಡೆ ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ. ತೊಡೆಯ ಮೂಳೆಯಲ್ಲಿ ಒಂದು ಸಣ್ಣ ಬಿರುಕು. ಆ ಕಾಲಿನ ಮೇಲೆ ಕೂರು ಅಂತ ಒತ್ತಿದ್ದು.

ರಕ್ತ ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಮಾತ್ರ ನಾರ್ಮಲ್ ಬಂತು. ಇದನ್ನು ಗಮನವಿಟ್ಟು ಓದಿ, ಯಾಕೆಂದರೆ ಟ್ರೇನರ್ ಆಮೇಲೆ ಹಿಡಿದುಕೊಂಡಿದ್ದು ಈ ಒಂದು ಸಾಲನ್ನೇ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನ್ ಜಾಸ್ತಿ ಬಿಡುತ್ತೆ. ಆ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ತುಂಬಿಸುತ್ತೆ. ಹೃದಯ, ಸ್ನಾಯು ನಡೆಯಬೇಕಲ್ಲ. ಹಾಗಾಗಿ ರಿಪೋರ್ಟ್ ಚೆನ್ನಾಗಿರುತ್ತೆ, ಮೂಳೆ ಖಾಲಿಯಾಗುತ್ತಿರುತ್ತೆ. ಬರೀ ಮಾಂಸ ತಿಂದು ಬೆಳೆಯುವ ಮರಿಗಳಲ್ಲಿ ಇದು ಹೊಸ ಕಾಯಿಲೆಯೇನಲ್ಲ, ವೆಟ್‌ಗಳಿಗೆ ಚೆನ್ನಾಗಿ ಗೊತ್ತಿರುವಂಥದ್ದು.

ಚಿಕಿತ್ಸೆ ದೊಡ್ಡದೇನಲ್ಲ. ದೊಡ್ಡ ತಳಿಯ ಮರಿಗಳಿಗೆ ಅಂತಲೇ ಮಾಡಿದ ಸಮತೋಲನದ ಆಹಾರ, ಓಡಾಟಕ್ಕೆ ಜಾಗವಿಲ್ಲದ ಹಾಗೆ ಇಟ್ಟು ವಿಶ್ರಾಂತಿ, ವೆಟ್ ಬರೆದ ನೋವಿನ ಔಷಧ. ನಮ್ಮ ಮಾತ್ರೆ ಕೊಡುವ ಹಾಗಿಲ್ಲ, ಐಬುಪ್ರೊಫೆನ್‌ನಂಥದ್ದು ನಾಯಿಗೆ ವಿಷ. ಕ್ಯಾಲ್ಸಿಯಂ ಪುಡಿ ಬೇರೆ ಹಾಕಲೇ ಅಂತ ಕೇಳಿದ್ದಕ್ಕೆ ಖಡಾಖಂಡಿತವಾಗಿ ಬೇಡ ಅಂದರು. ದೊಡ್ಡ ತಳಿಯ ಎಳೆ ಮರಿಗಳ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಜಾಸ್ತಿಯಾದರೂ ಮೂಳೆಯ ಬೆಳವಣಿಗೆ ಕೆಡುತ್ತೆ. ಕಮ್ಮಿಯೂ ಕೆಟ್ಟದು, ಜಾಸ್ತಿಯೂ ಕೆಟ್ಟದು ಅಂದ ಮೇಲೆ ಅಂದಾಜಿನ ಮೇಲೆ ಚಾರ್ಟ್ ಬರೆಯುವವರ ಧೈರ್ಯ ಎಂಥದ್ದು ನೋಡಿ.

ಇನ್ನು ಆ ತೋಳದ ಕಥೆ. ತೋಳಗಳಲ್ಲಿ ಜಗಳವಾಡಿ ಮೇಲೆ ಬರುವ ಲೀಡರ್ ಇರುತ್ತಾನೆ ಅನ್ನುವ ಮಾತು ಹಬ್ಬಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ ಅಧ್ಯಯನದಿಂದ. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಅದೇ ಮಾತನ್ನು ಮುಂದೆ ಜನಪ್ರಿಯ ಮಾಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ಅದು ಸರಿಯಲ್ಲ ಅಂತ ತಾವೇ ಬರೆದರು. ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಪ್ಪ ಅಮ್ಮನ ಮಾತು ನಡೆಯುತ್ತೆ, ಅಷ್ಟೇ. ಊಟದ ವಿಷಯದಲ್ಲೂ ಕಥೆ ನಿಲ್ಲುವುದಿಲ್ಲ. ಪಿಷ್ಟ ಕರಗಿಸುವ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30ರವರೆಗೆ ಇರುತ್ತೆ ಅಂತ 2013ರಲ್ಲಿ ತೋರಿಸಿಯಾಗಿದೆ. ಮನುಷ್ಯನ ಜೊತೆ ಇದ್ದು ಇದ್ದು ನಾಯಿ ಧಾನ್ಯಕ್ಕೆ ಒಗ್ಗಿದೆ.

ಉರುಳಿಸಿ ಒತ್ತುವುದರ ಬಗ್ಗೆಯೂ ಲೆಕ್ಕ ಇದೆ. 2009ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರ ಸಮೀಕ್ಷೆಯಲ್ಲಿ, ಆಲ್ಫಾ ರೋಲ್ ಮಾಡಿದವರಲ್ಲಿ ಶೇ. 31ರಷ್ಟು ಜನ ನಾಯಿ ತಿರುಗಿ ಬಿತ್ತು ಅಂದರು. ಹೊಡೆದವರಲ್ಲಿ, ಒದ್ದವರಲ್ಲಿ ಶೇ. 43. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲಿ, ಎಲ್ಲ ನಾಯಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಬಳಸಿ ಅಂತ ಹೇಳಿಕೆ ಕೊಟ್ಟಿತು. ಸಿಟ್ಟಿನ ನಾಯಿಗೂ ಅದೇ.

ಹಾಗಂತ ಬಹುಮಾನ ಕೊಟ್ಟು ಕಲಿಸುವವರು ಹೇಳುವುದೆಲ್ಲ ವೇದವಾಕ್ಯ ಅಂತ ನಾನು ಹೇಳುವುದಿಲ್ಲ. ಈಗ ನಮ್ಮಲ್ಲಿಗೆ ಬರುವ ಟ್ರೇನರ್ ತಿಂಡಿ ಕೊಟ್ಟೇ ಕಲಿಸುತ್ತಾರೆ, ಆದರೆ ತಿಂಡಿಯನ್ನು ಅವನ ದಿನದ ಊಟದಿಂದಲೇ ತೆಗೆದಿಡಿ ಅಂತಾರೆ. ಊಟದ ಜೊತೆಗೆ ಮೇಲಿಂದ ಕೊಡುವ ತಿಂಡಿ ದಿನದ ಕ್ಯಾಲೊರಿಯ ಶೇ. 10 ದಾಟಬಾರದು ಅನ್ನುವುದು ರೂಢಿಯ ಲೆಕ್ಕ. ಅದನ್ನು ಬಿಟ್ಟು ಕೊಬ್ಬಿನ ತಿಂಡಿ ಸುರಿದರೆ ತೂಕ ಏರುತ್ತೆ, ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಬೇಕಾದೀತು. ಮನೆ ಅಡುಗೆಯೂ ತಪ್ಪಲ್ಲ. ಆದರೆ 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ನಾಯಿಗಳಿಗೆ ಅಂತ ಪುಸ್ತಕಗಳಲ್ಲಿ, ಇಂಟರ್ನೆಟ್‌ನಲ್ಲಿ ಸಿಗುವ 200 ಮನೆ ಅಡುಗೆಗಳನ್ನು ಪರೀಕ್ಷಿಸಿದಾಗ ಶೇ. 95ರಲ್ಲಿ ಒಂದಲ್ಲ ಒಂದು ಪೋಷಕಾಂಶ ಕಮ್ಮಿ ಇತ್ತು. ಅದರಲ್ಲಿ ವೆಟ್‌ಗಳು ಬರೆದವೂ ಇದ್ದವು. ಮಾಡುವುದಾದರೆ ಆಹಾರ ತಜ್ಞ ವೆಟ್ ಹತ್ತಿರ, ನಿಮ್ಮ ನಾಯಿಯ ವಯಸ್ಸು ತೂಕ ಹೇಳಿ, ಗ್ರಾಂ ಲೆಕ್ಕದಲ್ಲಿ ಬರೆಸಿಕೊಳ್ಳಿ. ಪ್ಯಾಕೆಟ್ ಕೊಳ್ಳುವವರು ಎದುರಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ: ಸಂಪೂರ್ಣ ಆಹಾರವೋ, ಬರೀ ತಿಂಡಿಯೋ, ಮರಿಗೋ, ದೊಡ್ಡ ನಾಯಿಗೋ ಅಂತ ಅಲ್ಲಿರುತ್ತೆ.

ಟ್ರೇನರ್ ಹುಡುಕುವಾಗ ನಾನೀಗ ಕೇಳುವುದು ಎರಡೇ ಪ್ರಶ್ನೆ. ನಾಯಿ ಹೇಳಿದ್ದು ಮಾಡದಿದ್ದರೆ ಏನು ಮಾಡ್ತೀರಿ? ಗುರ್ ಅಂದರೆ ಏನು ಮಾಡ್ತೀರಿ? ಎರಡನೆಯದಕ್ಕೆ, ಮೊದಲು ವೆಟ್‌ಗೆ ತೋರಿಸಿ ನೋವೇನಾದರೂ ಇದೆಯಾ ನೋಡೋಣ ಅಂದವರನ್ನು ಇಟ್ಟುಕೊಳ್ಳಿ. ನಿನ್ನೆ ತನಕ ಮಾಡುತ್ತಿದ್ದ ಕೆಲಸವನ್ನು ನಾಯಿ ಇವತ್ತು ಮಾಡುತ್ತಿಲ್ಲ ಅಂದರೆ ಅದು ಹಟಕ್ಕಿಂತ ನೋವಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಕೆಂಚ ಈಗ ಓಡುತ್ತಾನೆ, ಮೆಟ್ಟಿಲು ಹತ್ತುತ್ತಾನೆ. ಹಿಂಗಾಲು ಮುಟ್ಟಿಸಿಕೊಳ್ಳಲು ಮಾತ್ರ ಇನ್ನೂ ಒಪ್ಪುವುದಿಲ್ಲ. ಮೂಳೆ ಕೂಡಿದಷ್ಟು ಬೇಗ ಹೆದರಿಕೆ ಹೋಗಲಿಲ್ಲ. ಅಕ್ಕ ದಿನಾ ಒಂದೊಂದು ಕಾಳು ಆಹಾರ ಕೊಡುತ್ತಾ, ತೊಡೆಗೆ ಕೈ ತಾಗಿಸಿ ತೆಗೆಯುವ ಅಭ್ಯಾಸ ಮಾಡಿಸುತ್ತಿದ್ದಾಳೆ. ಅವನು ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸುತ್ತಾಳೆ.

ಎಕ್ಸ್‌ರೇ ರಿಪೋರ್ಟನ್ನು ಹಳೆಯ ಟ್ರೇನರ್‌ಗೆ ಕಳಿಸಿದ್ದೆ. "ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದೆಯಲ್ಲ, ಇದು ತಳಿ ಪ್ರಾಬ್ಲಂ" ಅಂತ ಉತ್ತರ ಬಂತು. ಫೀಸ್ ವಾಪಸ್ ಬರಲಿಲ್ಲ. ಅವರ ಹತ್ತಿರ ಕಲಿಸುವ ಇನ್ನೊಬ್ಬರ ಮರಿಗೂ ಅದೇ ಚಾರ್ಟ್ ಹೋಗಿದೆ ಅಂತ ಮೊನ್ನೆ ಗೊತ್ತಾಯಿತು, ಅವರಿಗೆ ಹೇಳಿದ್ದೇನೆ. ನಿಮ್ಮ ಮರಿಗೂ ಯಾರಾದರೂ ಹೀಗೆ ಮಾಂಸ, ಲಿವರ್, ಮೊಟ್ಟೆ ಅಂತ ಮೂರೇ ಸಾಲಿನ ಚಾರ್ಟ್ ಕೊಟ್ಟಿದ್ದರೆ, ಕುಂಟುವ ತನಕ ಕಾಯದೆ ಈ ವಾರವೇ ವೆಟ್‌ಗೆ ತೋರಿಸಿ. ಚಾರ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ.