ಮಲೇರಿಯಾ ನಂತರದ ರಕ್ತಪರೀಕ್ಷೆ ಪ್ಯಾಕೇಜು: ಪಟ್ಟಿ ಉದ್ದ, ತೆಗೆದ ದಿನ ತಪ್ಪು

ತೀವ್ರ ಫಾಲ್ಸಿಪಾರಮ್ ಮಲೇರಿಯಾಕ್ಕೆ ಆರ್ಟೆಸುನೇಟ್ ಚುಚ್ಚುಮದ್ದು ಪಡೆದು, ಅನಂತರದ ಮಾತ್ರೆಗಳನ್ನೂ ಮುಗಿಸಿ ಮನೆಗೆ ಬಂದ ನನ್ನ ಅಣ್ಣನಿಗಾಗಿ, ‘ಚೇತರಿಕೆಯನ್ನು ಮುಂಚಿತವಾಗಿ ತಿಳಿಸುತ್ತದೆ’ ಎಂದು ಪ್ರಯೋಗಾಲಯವೊಂದು ಮಾರುವ ರಕ್ತಪರೀಕ್ಷೆಗಳ ಪ್ಯಾಕೇಜನ್ನು ತೆಗೆದುಕೊಂಡೆವು. ರಕ್ತ ತೆಗೆದವರ ಕೈ ಹಗುರವಾಗಿತ್ತು, ವರದಿ ಹೇಳಿದ ದಿನವೇ ಬಂತು. ನನ್ನ ತಕರಾರು ವರದಿಯ ಒಳಗಿನದು.

ಚಿಕಿತ್ಸೆ ಆರಂಭವಾದ 10ನೇ ದಿನ ಒಂದೇ ಬಾರಿ ರಕ್ತ ತೆಗೆದು ಮಾಡಿದ ಪರೀಕ್ಷೆಗಳಲ್ಲಿ ಮೊದಲನೆಯದು ಫಾಲ್ಸಿಪಾರಮ್ ಪರೋಪಜೀವಿ ಉಂಟುಮಾಡುವ ಎಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹುಡುಕುವ ಕ್ಷಿಪ್ರ ಪರೀಕ್ಷೆ. ‘ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿ ಬಂದದ್ದನ್ನು ನೋಡಿ, ಔಷಧ ನಾಟಲಿಲ್ಲವೆಂದೇ ಮನೆಯವರೆಲ್ಲ ಭಾವಿಸಿದೆವು. ವೈದ್ಯರು ರಕ್ತಲೇಪನವನ್ನು ಸೂಕ್ಷ್ಮದರ್ಶಕದಡಿ ನೋಡಿಸಿದಾಗ ಒಂದು ಪರೋಪಜೀವಿಯೂ ಇರಲಿಲ್ಲ. ಈ ಪ್ರೋಟೀನು ಪರೋಪಜೀವಿಗಳು ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ, ರೋಗ ಪತ್ತೆಗೆ ಬಹಳ ಉಪಯುಕ್ತವಾದ ಈ ಪರೀಕ್ಷೆ ಗುಣವಾಯಿತೇ ಎಂದು ತಿಳಿಯಲು ಒದಗುವುದಿಲ್ಲ. ಇದನ್ನು ವರದಿಯಲ್ಲಿ ಒಂದು ಸಾಲಿನಲ್ಲಾದರೂ ಬರೆಯಬಹುದಿತ್ತು. ಜೀವಂತ ಪರೋಪಜೀವಿಗಳೊಂದಿಗೇ ಬೇಗ ಮರೆಯಾಗುವ ಪಿಎಲ್‌ಡಿಎಚ್ ಎಂಬ ಅವುಗಳ ಕಿಣ್ವದ ಪರೀಕ್ಷೆ ಪಟ್ಟಿಯಲ್ಲಿರಲಿಲ್ಲ. ಔಷಧ ನಾಟುತ್ತಿದೆಯೇ ಎಂದು ತಿಳಿಯಲು 3ನೇ ದಿನದ ರಕ್ತಲೇಪನಕ್ಕಿಂತ ಸರಳವಾದದ್ದಿಲ್ಲ: ಅಂದೂ ಪರೋಪಜೀವಿಗಳು ಕಂಡರೆ ಆರ್ಟೆಮಿಸಿನಿನ್‌ಗೆ (ಆರ್ಟೆಸುನೇಟ್ ಸೇರಿದ ಔಷಧ ಗುಂಪಿಗೆ) ಭಾಗಶಃ ಪ್ರತಿರೋಧವಿರಬಹುದೇ ಎಂಬ ಅನುಮಾನ ಹುಟ್ಟುತ್ತದೆ. ಪ್ಯಾಕೇಜು ಶುರುವಾಗುವ ಹೊತ್ತಿಗೆ ಆ ದಿನ ಕಳೆದೇ ಹೋಗಿರುತ್ತದೆ.

ಅಂಗಾಂಶಗಳಿಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್ ಕೂಡ ಇದ್ದವು. ಲ್ಯಾಕ್ಟೇಟ್ ಲೀಟರಿಗೆ 5 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತೀವ್ರ ಮಲೇರಿಯಾದ ಲಕ್ಷಣಗಳಲ್ಲೊಂದು, ನಿಜ. ಆದರೆ ಅದು ದಾಖಲಾದ ದಿನ ನೋಡಬೇಕಾದ ಅಂಕಿ, ನಡೆದಾಡುವ ಮನುಷ್ಯನಲ್ಲಿ ಅಲ್ಲ. ರಕ್ತನಾಳಗಳ ಒಳಪದರಕ್ಕಾದ ತೊಂದರೆಯನ್ನು ಸೂಚಿಸುವ, ಹೆಚ್ಚುವರಿ ಹಣಕ್ಕೆ ಕೊಡುವ ಆಂಜಿಯೊಪೊಯೆಟಿನ್-2 ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ನಾವು ಅದನ್ನು ಬೇಡವೆಂದೆವು.

ಹಿಮೋಗ್ಲೋಬಿನ್ ಮತ್ತು ರಕ್ತಕಣಗಳು ಒಡೆದಾಗ ಏರುವ ಎಲ್‌ಡಿಎಚ್ ಎಂಬ ಕಿಣ್ವದ ಪರೀಕ್ಷೆ ಸೇರಿಸಿದ್ದು ಮಾತ್ರ ಒಳ್ಳೆಯ ಯೋಚನೆ. ಆರ್ಟೆಸುನೇಟ್‌ನಿಂದ ಸತ್ತ ಪರೋಪಜೀವಿಯನ್ನು ಗುಲ್ಮವು (ಸ್ಪ್ಲೀನ್) ಕೆಂಪು ರಕ್ತಕಣದೊಳಗಿನಿಂದ ಕಿತ್ತು ತೆಗೆದು, ಕಣವನ್ನು ಮಾತ್ರ ಮತ್ತೆ ರಕ್ತಪ್ರವಾಹಕ್ಕೆ ಬಿಡುತ್ತದೆ. ಹೀಗೆ ಉಳಿದ ಕಣಗಳ ಆಯಸ್ಸು ಕಡಿಮೆಯಾದ್ದರಿಂದ, ಒಂದು ವಾರ ಕಳೆದ ಮೇಲೆ ಅವು ಗುಂಪಾಗಿ ಒಡೆದು, ಗುಣವಾದ ರೋಗಿಗೆ ರಕ್ತಹೀನತೆ ಬರಬಹುದು. ಸೋಜಿಗವೆಂದರೆ ನಮ್ಮನ್ನು ಹೆದರಿಸಿದ ಎಚ್‌ಆರ್‌ಪಿ-2 ಇಂಥ ಕಣಗಳ ಪೊರೆಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಚಿಕಿತ್ಸೆಯ ಬಳಿಕ ರಕ್ತವನ್ನು 1:500ರಷ್ಟು ತೆಳುವಾಗಿಸಿದರೂ ಕ್ಷಿಪ್ರ ಪರೀಕ್ಷೆಯ ಅದೇ ಅಗ್ಗದ ಸ್ಟ್ರಿಪ್ ಪಾಸಿಟಿವ್ ತೋರಿಸಿದರೆ, ಮುಂದೆ ರಕ್ತಕಣಗಳು ಒಡೆಯುವ ಸಂಭವ ಹೆಚ್ಚೆಂದು ಸಂಶೋಧಕರು ತೋರಿಸಿದ್ದಾರೆ. ಪ್ರಯೋಗಾಲಯದ ಬಳಿ ಸ್ಟ್ರಿಪ್ಪೂ ಇತ್ತು, ರಕ್ತವೂ ಇತ್ತು. ಕೇಳಬೇಕಾದ ಪ್ರಶ್ನೆಯೊಂದೇ ಇರಲಿಲ್ಲ.

10ನೇ ದಿನ ಅಣ್ಣನ ಹಿಮೋಗ್ಲೋಬಿನ್ 10.8 ಇತ್ತು, ವರದಿಯ ಕೊನೆಯಲ್ಲಿ ‘ಚೇತರಿಕೆ ತೃಪ್ತಿಕರ’ ಎಂದಿತ್ತು. ವೈದ್ಯರ ಸೂಚನೆಯಂತೆ 17ನೇ ದಿನ ಬೇರೆಡೆ ನೋಡಿಸಿದಾಗ ಅದು 8.1ಕ್ಕೆ ಇಳಿದಿತ್ತು, ರಕ್ತ ಕೊಡುವ ಅಗತ್ಯ ಬರದೆ, 28ನೇ ದಿನದ ಹೊತ್ತಿಗೆ ತಾನಾಗಿಯೇ ಏರಿತು.

ಮಲೇರಿಯಾದ ಇನ್ನೊಂದು ಬಗೆಯಾದ ವೈವ್ಯಾಕ್ಸ್ ಮಲೇರಿಯಾ ಆದವರಿಗೂ ಇದೇ ಪ್ಯಾಕೇಜನ್ನು ಕೊಡುತ್ತಾರಂತೆ. ಯಕೃತ್ತಿನಲ್ಲಿ ಅಡಗಿ ಮಲಗಿರುವ ಆ ಪರೋಪಜೀವಿಯನ್ನು ಈ ಪಟ್ಟಿಯ ಯಾವ ಪರೀಕ್ಷೆಯೂ ಕಾಣಲಾರದು. ಅವರಿಗೆ ಬೇಕಾದದ್ದು, ಅದನ್ನು ಕೊಲ್ಲುವ ಪ್ರಿಮಾಕ್ವಿನ್ ಔಷಧ ಕೊಡುವ ಮುನ್ನ ಮಾಡುವ ಜಿ6ಪಿಡಿ ಪರೀಕ್ಷೆ (ಈ ಕಿಣ್ವ ಕಡಿಮೆ ಇರುವವರಲ್ಲಿ ಆ ಔಷಧದಿಂದ ರಕ್ತಕಣಗಳು ಒಡೆಯಬಹುದು), ಅದೂ ಇಲ್ಲಿಲ್ಲ. ಐದರಲ್ಲಿ ಎರಡು ಅಂಕ ಕೊಡುತ್ತೇನೆ. ನಾಲ್ಕು ವಾರ, ವಾರಕ್ಕೊಮ್ಮೆ ಹಿಮೋಗ್ಲೋಬಿನ್ ಮಾತ್ರ ನೋಡುವ ಏರ್ಪಾಡು ಇದೆಯೇ ಎಂದು ಕೇಳಿದ್ದಕ್ಕೆ, ಅಂಥ ಪ್ಯಾಕೇಜು ತಮ್ಮಲ್ಲಿಲ್ಲ ಎಂದರು.